ಬಾಯಾಡಿಸುವ ಅಭ್ಯಾಸವನ್ನು ಹತೋಟಿಗೆ ತರುವ ಬಗೆ

ಊಟ ಮುಗಿದು ಎರಡು ಗಂಟೆಯೂ ಕಳೆದಿರುವುದಿಲ್ಲ, ಹೊಟ್ಟೆ ತುಂಬಿಯೇ ಇರುತ್ತದೆ. ಆದರೂ ಕಾಲು ತಾನಾಗಿ ಅಡುಗೆಮನೆಯ ಕಡೆ ನಡೆಯುತ್ತದೆ, ಕೈ ಡಬ್ಬಿಯ ಮುಚ್ಚಳ ತೆರೆಯುತ್ತದೆ. ಎರಡು ಬಿಸ್ಕತ್ತು, ಒಂದು ಹಿಡಿ ಚಿಪ್ಸ್, ಫ್ರಿಜ್ಜಿನಲ್ಲಿ ಉಳಿದಿದ್ದ ಸಿಹಿಯ ತುಂಡು. ಇವುಗಳಲ್ಲಿ ಯಾವುದನ್ನೂ ನಾವು ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ, ದಿನದ ಕೊನೆಗೆ ಎಲ್ಲವೂ ಸೇರಿ ಇನ್ನೊಂದು ಊಟದಷ್ಟಾಗಿದ್ದರೂ ಅದು ನೆನಪಿನಲ್ಲಿ ಉಳಿಯುವುದಿಲ್ಲ.

ಈ ಅಭ್ಯಾಸ ಬಿಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ನೆಚ್ಚಿಕೊಳ್ಳುವುದು ಮನಸ್ಸಿನ ಗಟ್ಟಿತನವನ್ನು. ಅದು ಮೂರ್ನಾಲ್ಕು ದಿನ ಜೊತೆಗಿದ್ದು, ದಣಿದ ಯಾವುದೋ ಒಂದು ಸಂಜೆ ಕೈಕೊಡುತ್ತದೆ. ಚಪಲ ಎದ್ದ ಗಳಿಗೆಯಲ್ಲಿ ನಮ್ಮಿಂದಾಗುವುದು ಸ್ವಲ್ಪವೇ. ಆ ಚಪಲ ಎಷ್ಟು ಬಲವಾಗಿ ಏಳಬೇಕೆಂಬುದು ಅದಕ್ಕೂ ಹಲವು ಗಂಟೆ ಮೊದಲೇ, ಹಿಂದಿನ ರಾತ್ರಿಯ ನಿದ್ದೆಯಲ್ಲಿ, ಅಂದಿನ ಊಟದ ತಟ್ಟೆಯಲ್ಲಿ, ಅಂಗಡಿಯಿಂದ ಏನನ್ನು ತಂದಿಟ್ಟುಕೊಂಡೆವೆಂಬುದರಲ್ಲಿ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಆ ಮೊದಲಿನ ಗಂಟೆಗಳನ್ನು ಕುರಿತದ್ದು. ಚಪಲ ಎದ್ದ ಮೇಲೆ ಏನು ಮಾಡಬೇಕೆಂಬುದು ಆಮೇಲೆ ಬರುತ್ತದೆ.

ಹೊಟ್ಟೆಯ ಹಸಿವು, ಬಾಯಿಯ ಹಸಿವು

ಹಸಿವನ್ನೂ ಚಪಲವನ್ನೂ ನಾವು "ಏನಾದರೂ ತಿನ್ನಬೇಕು ಅನಿಸುತ್ತಿದೆ" ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಎರಡರ ನಡತೆ ಬೇರೆ ಬೇರೆ. ಹಸಿವು ಮೆಲ್ಲಗೆ ಏರುತ್ತದೆ, ಹೊಟ್ಟೆಯಲ್ಲಿ ತಿಳಿಯುತ್ತದೆ, ಇಂಥದೇ ಬೇಕೆಂದು ಹಟ ಹಿಡಿಯುವುದಿಲ್ಲ. ಚಪಲ ಥಟ್ಟನೆ ಏಳುತ್ತದೆ, ಬಾಯಲ್ಲಿ ತಿಳಿಯುತ್ತದೆ, ತನಗೆ ಬೇಕಾದದ್ದನ್ನು ಹೆಸರು ಹಿಡಿದು ಕೇಳುತ್ತದೆ. ಇವೆರಡನ್ನು ಬೇರ್ಪಡಿಸಲು ಒಂದು ಸರಳ ಪ್ರಶ್ನೆ ಸಾಕು: ಈಗ ಎದುರಿಗೆ ಬೇಯಿಸಿದ ಬೇಳೆಯನ್ನೋ ಬರಿಯ ಹಣ್ಣನ್ನೋ ಇಟ್ಟರೆ ನಾನು ಸಂತೋಷದಿಂದ ತಿನ್ನುವೆನೇ? ಹೌದೆಂದರೆ ಅದು ಹಸಿವು, ತಿನ್ನಬೇಕು. ಬೇಡ, ಚಾಕೊಲೇಟೇ ಆಗಬೇಕು ಎಂದರೆ ಅದು ಚಪಲ.

ಹಸಿವಿನ ಹಿಂದೆ ದೇಹದ ರಾಸಾಯನಿಕ ವ್ಯವಸ್ಥೆಯೊಂದಿದೆ. ಜಠರದಲ್ಲಿ ಉತ್ಪತ್ತಿಯಾಗಿ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ಮಸಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಅವರು 1999ರಲ್ಲಿ ಗುರುತಿಸಿದರು. ಕೊಬ್ಬಿನ ಕೋಶಗಳಿಂದ ಹೊರಟು ಮೆದುಳಿಗೆ "ಸಂಗ್ರಹ ಸಾಕಷ್ಟಿದೆ" ಎಂದು ತಿಳಿಸುವ ಲೆಪ್ಟಿನ್ ಅದಕ್ಕೂ ಮೊದಲು, 1994ರಲ್ಲಿ, ಜೆಫ್ರಿ ಫ್ರೀಡ್‌ಮನ್ ಅವರ ತಂಡಕ್ಕೆ ಸಿಕ್ಕಿತ್ತು. ನಮ್ಮ ಕೆಲಸಕ್ಕೆ ಬೇಕಾದ ಸಂಗತಿ ಇದು: ಗ್ರೆಲಿನ್ ಹೊಟ್ಟೆ ಖಾಲಿಯಾದಾಗ ಮಾತ್ರವಲ್ಲ, ನಾವು ದಿನವೂ ತಿನ್ನುವ ಹೊತ್ತು ಹತ್ತಿರವಾದಾಗಲೂ ಏರುತ್ತದೆ. ದಿನವೂ ನಾಲ್ಕು ಗಂಟೆಗೆ ಬಿಸ್ಕತ್ತು ತಿಂದವರಿಗೆ ನಾಲ್ಕು ಗಂಟೆಗೆ ನಿಜವಾಗಿಯೇ ಹಸಿವಾಗತೊಡಗುತ್ತದೆ. ಅಂದರೆ ಹೊಟ್ಟೆಗೆ ಗಡಿಯಾರ ಕಟ್ಟಿಕೊಟ್ಟವರು ನಾವೇ, ಅದನ್ನು ಬೇರೆ ಹೊತ್ತಿಗೆ ತಿರುಗಿಸಲೂ ಬರುತ್ತದೆ.

ಚಪಲದ ಹಿಂದೆ ಇರುವುದು ಹೆಚ್ಚಾಗಿ ಕಲಿಕೆ. ಊಟ ತರುವವರ ಹೆಜ್ಜೆಯ ಸಪ್ಪಳಕ್ಕೇ ನಾಯಿಗಳ ಬಾಯಲ್ಲಿ ನೀರೂರುವುದನ್ನು ಇವಾನ್ ಪಾವ್ಲೋವ್ ಗಮನಿಸಿದ್ದು ನೂರು ವರ್ಷಕ್ಕೂ ಹಿಂದೆ. ಸೋಫಾ, ಟಿವಿಯ ಶೀರ್ಷಿಕೆ ಸಂಗೀತ, ಕಚೇರಿಯ ಕಾಫಿ ಯಂತ್ರದ ಬಳಿಯ ಮೂಲೆ, ಮಕ್ಕಳು ಮಲಗಿದ ಮೇಲಿನ ನಿಶ್ಶಬ್ದ ಇವೆಲ್ಲವೂ ನಮ್ಮ ಪಾಲಿಗೆ ಅಂಥ ಸಪ್ಪಳಗಳೇ ಆಗಿರುತ್ತವೆ.

ದೇಹಕ್ಕೆ ಯಾವುದೋ ಪೋಷಕಾಂಶ ಕಡಿಮೆಯಾದಾಗ ಅದನ್ನೇ ಚಪಲದ ರೂಪದಲ್ಲಿ ಕೇಳುತ್ತದೆ, ಚಾಕೊಲೇಟ್ ಬೇಕೆನಿಸಿದರೆ ಮೆಗ್ನೀಸಿಯಂ ಕೊರತೆಯಿದೆ ಎಂಬ ಮಾತು ಬಹಳ ಓಡಾಡುತ್ತದೆ. ಅದು ನಿಜವಾಗಿದ್ದರೆ ಮೆಗ್ನೀಸಿಯಂ ಹೇರಳವಾಗಿರುವ ಕುಂಬಳ ಬೀಜ, ಸೊಪ್ಪು, ಕಾಳುಗಳಿಗಾಗಿಯೂ ಯಾರಾದರೂ ನಡುರಾತ್ರಿ ಎದ್ದು ಅಡುಗೆಮನೆ ಹುಡುಕಬೇಕಿತ್ತು. ಒಂದು ವಿನಾಯಿತಿ ಮಾತ್ರ ಗಂಭೀರವಾದದ್ದು. ಮಂಜುಗಡ್ಡೆ, ಮಣ್ಣು, ಸೀಮೆಸುಣ್ಣದಂಥ ಆಹಾರವಲ್ಲದ ವಸ್ತುಗಳನ್ನು ತಿನ್ನಬೇಕೆನಿಸುವುದು ಹಲವು ಸಲ ಕಬ್ಬಿಣದ ಕೊರತೆಯ ಜೊತೆಗೆ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಸಂಯಮವಲ್ಲ, ರಕ್ತಪರೀಕ್ಷೆ.

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ

ಏಳು ದಿನ ಒಂದು ಪುಟ್ಟ ಪುಸ್ತಕವನ್ನು ಜೊತೆಗಿಟ್ಟುಕೊಂಡು, ಊಟವಲ್ಲದ ಹೊತ್ತಿನಲ್ಲಿ ಬಾಯಿಗೆ ಏನನ್ನಾದರೂ ಹಾಕಿಕೊಂಡ ಪ್ರತಿ ಸಲವೂ ನಾಲ್ಕು ಸಂಗತಿಗಳನ್ನು ಬರೆಯಿರಿ: ಗಂಟೆ ಎಷ್ಟು, ಕಳೆದ ಊಟವಾಗಿ ಎಷ್ಟು ಹೊತ್ತಾಗಿತ್ತು, ಎಲ್ಲಿ ಏನು ಮಾಡುತ್ತಿದ್ದಿರಿ, ಬೇಕೆನಿಸಿದ್ದು ಯಾವುದು. ಎಷ್ಟು ತಿಂದಿರಿ ಎಂಬುದನ್ನು ಬರೆಯುವುದು ಬೇಡ. ಪ್ರಮಾಣ ಬರೆಯತೊಡಗಿದರೆ ನಾಚಿಕೆ ಶುರುವಾಗುತ್ತದೆ, ನಾಚಿಕೆ ಶುರುವಾದರೆ ಮೂರನೆಯ ದಿನಕ್ಕೆ ಪುಸ್ತಕ ಮೇಜಿನ ಖಾನೆ ಸೇರುತ್ತದೆ. ರಾತ್ರಿಯ ನಿದ್ದೆ ಎಷ್ಟು ಗಂಟೆ ಎಂಬುದನ್ನು ಮಾತ್ರ ಪುಟದ ಮೇಲ್ತುದಿಯಲ್ಲಿ ಗುರುತು ಹಾಕಿಕೊಳ್ಳಿ.

ವಾರದ ಕೊನೆಗೆ ಪುಟಗಳನ್ನು ಒಟ್ಟಿಗೆ ಓದಿದಾಗ ಸಾಮಾನ್ಯವಾಗಿ ಒಂದೆರಡು ಹೊತ್ತುಗಳು ಎದ್ದು ಕಾಣುತ್ತವೆ. ನಾನು ಹೀಗೆ ಬರೆದಿಡುವ ಮೊದಲು ನನ್ನ ತೊಂದರೆಯೆಲ್ಲ ರಾತ್ರಿ ಊಟದ ನಂತರದ್ದೆಂದು ನಂಬಿದ್ದೆ. ಪುಸ್ತಕ ತೋರಿಸಿದ್ದು ಸಂಜೆ ಐದರ ಆಸುಪಾಸನ್ನು, ಅದೂ ಮಧ್ಯಾಹ್ನದ ಊಟವನ್ನು ಕೆಲಸದ ನಡುವೆ ಹತ್ತು ನಿಮಿಷದಲ್ಲಿ ಮುಗಿಸಿದ ದಿನಗಳಲ್ಲಿ. ರಾತ್ರಿಯ ಸಿಹಿಯನ್ನು ಬಿಡಲು ನಾನು ಪಟ್ಟ ಪಾಡೆಲ್ಲ ತಪ್ಪು ಬಾಗಿಲಿಗೆ ಹಾಕಿದ ಬೀಗವಾಗಿತ್ತು. ಊಟವಾಗಿ ನಾಲ್ಕು ಗಂಟೆ ಮೀರಿದ ಮೇಲೆಯೇ ಹೆಚ್ಚು ನಮೂದುಗಳಿದ್ದರೆ ನಿಮ್ಮ ತೊಂದರೆ ಹಸಿವಿನದು, ಊಟವನ್ನು ಸರಿಪಡಿಸಬೇಕು. ಊಟವಾದ ಒಂದೆರಡು ಗಂಟೆಯೊಳಗೆ, ಯಾವಾಗಲೂ ಒಂದೇ ಜಾಗದಲ್ಲಿ ಆಗುತ್ತಿದ್ದರೆ ಅದು ಅಭ್ಯಾಸ, ಜಾಗವನ್ನು ಸರಿಪಡಿಸಬೇಕು. ನಿದ್ದೆ ಕಡಿಮೆಯಾದ ಮರುದಿನವೇ ನಮೂದುಗಳು ಹೆಚ್ಚಿದ್ದರೆ ಉಳಿದ ಉಪಾಯಗಳನ್ನೆಲ್ಲ ಬದಿಗಿಟ್ಟು ಮೊದಲು ನಿದ್ದೆಯನ್ನು ನೋಡಬೇಕು.

ಊಟ ಸರಿಯಾದರೆ ಅರ್ಧ ಕೆಲಸ ಮುಗಿದಂತೆ

ಕುರುಕಲು ಬಿಡಬೇಕೆನ್ನುವವರು ಮಾಡುವ ಅತಿ ದೊಡ್ಡ ತಪ್ಪು ಊಟವನ್ನು ಕಡಿಮೆ ಮಾಡುವುದು. ಬೆಳಗ್ಗೆ ಏನೂ ತಿನ್ನದೆ, ಮಧ್ಯಾಹ್ನ ತಟ್ಟೆಯ ಮೂಲೆಯಲ್ಲಿ ಸ್ವಲ್ಪ ಬಡಿಸಿಕೊಂಡು, ಸಂಜೆಯವರೆಗೆ ತಾವು ಗೆದ್ದೆವೆಂದುಕೊಳ್ಳುವವರು ಸಂಜೆಯಿಂದ ಮಲಗುವವರೆಗೆ ಬಾಯಾಡಿಸುತ್ತಲೇ ಇರುತ್ತಾರೆ. ಅರೆಹೊಟ್ಟೆ ಮನಸ್ಸಿಗೆ ಏನು ಮಾಡುತ್ತದೆ ಎಂಬುದಕ್ಕೆ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 1944-45ರಲ್ಲಿ ನಡೆಸಿದ ಪ್ರಯೋಗಕ್ಕಿಂತ ಸ್ಪಷ್ಟವಾದ ದಾಖಲೆ ಸಿಗುವುದು ಕಷ್ಟ. ಆರೋಗ್ಯವಂತರಾದ 36 ಮಂದಿ ಸ್ವಯಂಸೇವಕರ ಆಹಾರವನ್ನು 24 ವಾರಗಳ ಕಾಲ ಸುಮಾರು ಅರ್ಧಕ್ಕೆ ಇಳಿಸಲಾಯಿತು. ಅವರ ತೂಕ ಇಳಿಯಿತು, ಆದರೆ ಅದರ ಜೊತೆಗೆ ಮಾತು, ಕನಸು, ಓದು ಎಲ್ಲವೂ ಊಟದ ಸುತ್ತಲೇ ಸುತ್ತತೊಡಗಿದವು. ಮೊದಲು ಅಡುಗೆಯ ಗೊಡವೆಯೇ ಇಲ್ಲದಿದ್ದ ಕೆಲವರು ಪಾಕಪುಸ್ತಕಗಳನ್ನು ಕೂಡಿಡಲು ಶುರುಮಾಡಿದರು. ಅವರೇನೂ ಮನಸ್ಸು ಗಟ್ಟಿಯಿಲ್ಲದವರಲ್ಲ, ತಾವಾಗಿ ಮುಂದೆ ಬಂದು ತಿಂಗಳುಗಟ್ಟಲೆ ಆ ಶಿಸ್ತನ್ನು ಪಾಲಿಸಿದವರು. ನಾವು ದಿನದ ಮೊದಲರ್ಧದಲ್ಲಿ ಉಪವಾಸವಿದ್ದು ಎರಡನೆಯರ್ಧದಲ್ಲಿ ಶಾಂತರಾಗಿರುತ್ತೇವೆಂದು ನಿರೀಕ್ಷಿಸುವುದು ಅತಿಯಾಯಿತು.

ಹಾಗಾದರೆ ತಟ್ಟೆಯಲ್ಲಿ ಏನಿರಬೇಕು? ಒಂದೇ ಕ್ಯಾಲೊರಿಯ ಎರಡು ಆಹಾರಗಳು ಒಂದೇ ಮಟ್ಟದ ತೃಪ್ತಿ ಕೊಡುವುದಿಲ್ಲ ಎಂಬುದನ್ನು ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 1995ರಲ್ಲಿ ಅಳೆದು ತೋರಿಸಿದರು. ಅವರು 38 ಆಹಾರಗಳನ್ನು ಸುಮಾರು 240 ಕ್ಯಾಲೊರಿಯಷ್ಟು ಸಮನಾಗಿ ತಿನ್ನಿಸಿ, ಮುಂದಿನ ಎರಡು ಗಂಟೆ ಹೊಟ್ಟೆ ಎಷ್ಟು ತುಂಬಿದಂತಿದೆ ಎಂದು ಕೇಳುತ್ತಾ ಹೋದರು. ಬಿಳಿ ಬ್ರೆಡ್ಡಿಗೆ 100 ಎಂದು ಅಂಕ ಕೊಟ್ಟರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು, ಬೆಣ್ಣೆ ತುಂಬಿದ ಕ್ರೊಸಾಂ ಎಂಬ ಬೇಕರಿ ತಿನಿಸಿಗೆ 47 ಮಾತ್ರ. ತೂಕ ಕೆಡಿಸುತ್ತದೆಂದು ಎಲ್ಲರೂ ಬೈಯುವ ಆಲೂಗಡ್ಡೆ ಹೊಟ್ಟೆ ತುಂಬಿಸುವುದರಲ್ಲಿ ಎಲ್ಲಕ್ಕಿಂತ ಮುಂದಿತ್ತು. ಅದನ್ನು ತೆಳುವಾಗಿ ಹೆಚ್ಚಿ ಎಣ್ಣೆಯಲ್ಲಿ ಕರಿದು ಪೊಟ್ಟಣಕ್ಕೆ ತುಂಬಿದಾಗ ಅದರ ಆ ಗುಣ ಹೋಗುತ್ತದೆ. ಪ್ರೋಟೀನು, ನಾರು ಮತ್ತು ನೀರಿನ ಅಂಶ ಹೆಚ್ಚಾದಷ್ಟೂ ತೃಪ್ತಿ ಹೆಚ್ಚು, ಕೊಬ್ಬಿನ ಅಂಶ ಹೆಚ್ಚಾದಷ್ಟೂ ಕಡಿಮೆ ಎಂಬುದು ಆ ಅಳತೆಯಲ್ಲಿ ಒಟ್ಟಾರೆ ಕಂಡುಬಂದ ಸಂಗತಿ.

ಇದನ್ನು ದಿನದ ಅಡುಗೆಗೆ ಇಳಿಸುವುದು ಕಷ್ಟವೇನಲ್ಲ. ಪ್ರತಿ ಊಟದಲ್ಲೂ ಪ್ರೋಟೀನಿನ ಒಂದು ಮೂಲ ಕಣ್ಣಿಗೆ ಕಾಣುವಷ್ಟು ಇರಲಿ: ಬೇಳೆಕಾಳು, ಮೊಟ್ಟೆ, ಮೀನು, ಮಾಂಸ, ಮೊಸರು, ಸೋಯಾ, ನಿಮಗೆ ಒಗ್ಗುವ ಯಾವುದಾದರೂ ಸರಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಕಪ್ ಬೇಯಿಸಿದ ಬೇಳೆಯಲ್ಲಿ ಸುಮಾರು 18 ಗ್ರಾಂ ಪ್ರೋಟೀನ್ ಇರುತ್ತದೆ. ಊಟವೊಂದಕ್ಕೆ 20 ಗ್ರಾಂ ಆಸುಪಾಸು ಬರುವಂತೆ ನೋಡಿಕೊಂಡರೆ ಮುಂದಿನ ನಾಲ್ಕು ಗಂಟೆ ಹೇಗೆ ಕಳೆಯುತ್ತದೆ ಎಂಬುದರಲ್ಲಿ ವ್ಯತ್ಯಾಸ ತಿಳಿಯುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನನ್ನು ಹೆಚ್ಚಿಸಬಾರದು. ನಾರಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಸಲಹೆ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು, 400 ಗ್ರಾಂ ಹಣ್ಣು-ತರಕಾರಿ. ಆಹಾರದಲ್ಲಿ ನಾರು ಕಡಿಮೆಯಿದ್ದವರು ಒಂದೇ ದಿನದಲ್ಲಿ ಆ ಮಟ್ಟಕ್ಕೆ ಹಾರಿದರೆ ಹೊಟ್ಟೆಯುಬ್ಬರ ಬಂದು ಉತ್ಸಾಹವೇ ಹೋಗುತ್ತದೆ. ಎರಡು ಮೂರು ವಾರಗಳಲ್ಲಿ ಮೆಲ್ಲಗೆ ಏರಿಸಿ, ನೀರನ್ನೂ ಜೊತೆಗೆ ಹೆಚ್ಚಿಸಿಕೊಳ್ಳಬೇಕು.

ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಅವರ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಮಂದಿಯನ್ನು ಸಂಶೋಧನಾ ಕೇಂದ್ರದಲ್ಲೇ ಇರಿಸಿಕೊಂಡು ಎರಡು ವಾರ ಅಂಥ ಆಹಾರವನ್ನೂ ಇನ್ನೆರಡು ವಾರ ಅತಿಯಾಗಿ ಸಂಸ್ಕರಿಸದ ಆಹಾರವನ್ನೂ ಬಡಿಸಲಾಯಿತು. ಮುಂದಿಟ್ಟ ಊಟಗಳಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎಲ್ಲವೂ ಸಮನಾಗಿದ್ದವು, ಬೇಕಾದಷ್ಟು ತಿನ್ನಲು ಅವಕಾಶವಿತ್ತು. ಆದರೂ ಸಂಸ್ಕರಿಸಿದ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದು ಸರಾಸರಿ ಒಂದು ಕಿಲೋದಷ್ಟು ತೂಕ ಏರಿಸಿಕೊಂಡರು, ಇನ್ನೊಂದರಲ್ಲಿ ಅಷ್ಟೇ ಇಳಿಸಿಕೊಂಡರು. ಸಂಸ್ಕರಿಸಿದ ಆಹಾರವನ್ನು ಅವರು ಹೆಚ್ಚು ವೇಗವಾಗಿ ತಿನ್ನುತ್ತಿದ್ದರು ಎಂಬುದೂ ಕಂಡುಬಂತು. ಅಗಿಯುವ ಕೆಲಸವೇ ಇಲ್ಲದ ಆಹಾರ, ಸಾಕು ಎಂಬ ಸುದ್ದಿ ಕರುಳಿನಿಂದ ಮೆದುಳಿಗೆ ತಲುಪುವ ಮೊದಲೇ ಮುಗಿದುಹೋಗಿರುತ್ತದೆ. ಆ ಸುದ್ದಿ ತಲುಪಲು ಇಪ್ಪತ್ತು ನಿಮಿಷದಷ್ಟು ಬೇಕೆನ್ನುತ್ತಾರೆ; ಊಟವನ್ನು ಅಷ್ಟು ಹೊತ್ತಾದರೂ ಎಳೆಯುವುದು ಖರ್ಚಿಲ್ಲದ ಉಪಾಯ. ಸಿಹಿ ಪಾನೀಯಗಳು ಇದಕ್ಕಿಂತಲೂ ಕೆಟ್ಟವು, ಏಕೆಂದರೆ ಕುಡಿದ ಕ್ಯಾಲೊರಿಯನ್ನು ಹೊಟ್ಟೆ ಸರಿಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಣ್ಣಿನ ರಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹಣ್ಣನ್ನು ಹಿಂಡುವ ಬದಲು ಕಚ್ಚಿ ತಿನ್ನಿ.

ಊಟದ ನಡುವಿನ ಅಂತರ ಐದು ಗಂಟೆ ದಾಟುವುದಾದರೆ ನಡುವೆ ಒಂದು ಲಘು ಆಹಾರವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಬಾದಾಮಿ ಅಥವಾ ಶೇಂಗಾ ಒಂದು ಹಿಡಿ, ಮೊಸರಿನೊಂದಿಗೆ ಹಣ್ಣು, ಬೇಯಿಸಿದ ಕಾಳು, ಒಂದು ಮೊಟ್ಟೆ, ಇಂಥವು. ಗಂಟೆ ಗೊತ್ತುಮಾಡಿ, ಬಟ್ಟಲಿಗೆ ಹಾಕಿಕೊಂಡು, ಕುಳಿತು ತಿಂದರೆ ಅದು ಬಾಯಾಡಿಸುವುದಲ್ಲ, ಚಿಕ್ಕ ಊಟ.

ನಿದ್ದೆಗೆಟ್ಟ ಮರುದಿನ

ಷಿಕಾಗೊ ವಿಶ್ವವಿದ್ಯಾಲಯದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತರಾದ 12 ಯುವಕರನ್ನು ಎರಡು ರಾತ್ರಿ ಹತ್ತು ಗಂಟೆ, ಇನ್ನೊಮ್ಮೆ ಎರಡು ರಾತ್ರಿ ಬರಿ ನಾಲ್ಕು ಗಂಟೆ ಹಾಸಿಗೆಯಲ್ಲಿರಿಸಿ ಹೋಲಿಸಲಾಯಿತು. ನಿದ್ದೆ ಕಡಿಮೆಯಾದಾಗ ಲೆಪ್ಟಿನ್ 18 ಶೇಕಡ ಇಳಿದಿತ್ತು, ಗ್ರೆಲಿನ್ 28 ಶೇಕಡ ಏರಿತ್ತು, ಅವರೇ ಹೇಳಿಕೊಂಡ ಹಸಿವು 24 ಶೇಕಡ ಹೆಚ್ಚಿತ್ತು. ಬೇಕೆನಿಸುವುದರಲ್ಲಿ ಮುಂದಿದ್ದವು ಸಿಹಿ, ಉಪ್ಪು, ಪಿಷ್ಟದ ತಿನಿಸುಗಳು. ಹನ್ನೆರಡು ಮಂದಿಯ ಲೆಕ್ಕ ಚಿಕ್ಕದೇ. ಆದರೂ ರಾತ್ರಿಯೆಲ್ಲ ಎಚ್ಚರವಿದ್ದ ಮರುದಿನ ತನ್ನ ಕೈ ಯಾವ ಡಬ್ಬಿಗೆ ಹೋಗುತ್ತದೆ ಎಂಬುದನ್ನು ಗಮನಿಸಿದವರಿಗೆ ಅದು ಹೊಸ ಸುದ್ದಿಯಾಗಿರಲಾರದು. ವಯಸ್ಕರಿಗೆ ಏಳು ಗಂಟೆಗಿಂತ ಕಡಿಮೆ ಸಾಲದು.

ರಾತ್ರಿಯ ಚಪಲಕ್ಕೆ ಇನ್ನೊಂದು ಕಾರಣವೂ ಇದೆ. ಹಗಲು-ರಾತ್ರಿಗಳ ಸುಳಿವು ಸಿಗದಂತೆ ಪ್ರಯೋಗಾಲಯದಲ್ಲಿ ಜನರನ್ನು ಇರಿಸಿ ನೋಡಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೇಹದ ಒಳಗಡಿಯಾರಕ್ಕೆ ಬೆಳಗ್ಗೆ ಎಂಟಾದಾಗ ಹಸಿವು ಅತಿ ಕಡಿಮೆ, ರಾತ್ರಿ ಎಂಟಾದಾಗ ಅತಿ ಹೆಚ್ಚು ಎಂದು ಕಂಡುಬಂತು. ಅಂದರೆ ಸಂಜೆಯಾದಂತೆ ತಿನ್ನಬೇಕೆನಿಸುವುದು ಒಬ್ಬಿಬ್ಬರ ದೌರ್ಬಲ್ಯವಲ್ಲ. ರಾತ್ರಿ ಊಟವನ್ನು ನೆಪಮಾತ್ರಕ್ಕೆ ಮಾಡದೆ ಹೊಟ್ಟೆ ತುಂಬ ಮಾಡಿ, ಆಮೇಲೆ ಪಾತ್ರೆ ತೊಳೆದು, ಅಡುಗೆಮನೆಯ ದೀಪ ಆರಿಸಿ, ಹಲ್ಲುಜ್ಜಿಬಿಡಿ. ಹಲ್ಲುಜ್ಜಿದ ಮೇಲೆ ಬಾಯಿಗೆ ಏನೂ ರುಚಿಸುವುದಿಲ್ಲ; ಮತ್ತೊಮ್ಮೆ ಉಜ್ಜುವ ಸೋಮಾರಿತನವೂ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ.

ಮನೆಯ ಕಪಾಟು

ಇದು ಚಿಕ್ಕ ಮಾತು, ಬೇಗ ಮುಗಿಸಬಹುದು. ಮನೆಯಲ್ಲಿಲ್ಲದ ತಿನಿಸನ್ನು ರಾತ್ರಿ ಹತ್ತಕ್ಕೆ ಯಾರೂ ತಿನ್ನಲಾರರು, ಹಾಗಾಗಿ ನಿಜವಾದ ನಿರ್ಧಾರ ಆಗುವುದು ಅಂಗಡಿಯಲ್ಲಿ. ಹೊಟ್ಟೆ ತುಂಬಿದಾಗ, ಪಟ್ಟಿ ಬರೆದುಕೊಂಡು ಹೋಗಿ. ಮನೆಯ ಇತರರಿಗಾಗಿ ತರಲೇಬೇಕಾದದ್ದನ್ನು ಗಾಜಿನ ಜಾಡಿಯಲ್ಲಿಡದೆ ಒಳಗೆ ಕಾಣದ ಡಬ್ಬಿಯಲ್ಲಿ ಹಾಕಿ, ಏಣಿ ಹಾಕುವಷ್ಟು ಎತ್ತರದ ಅಟ್ಟದಲ್ಲಿಡಿ. ತೊಳೆದು ಹೆಚ್ಚಿದ ಹಣ್ಣನ್ನು ಕಣ್ಣಿನ ಮಟ್ಟದಲ್ಲಿಡಿ. ಪೊಟ್ಟಣದಿಂದ ನೇರವಾಗಿ ತಿನ್ನುವುದನ್ನು ಮಾತ್ರ ಪೂರ್ತಿ ನಿಲ್ಲಿಸಿ, ಏಕೆಂದರೆ ಪೊಟ್ಟಣಕ್ಕೆ ತಳ ಕಾಣುವವರೆಗೆ ಮುಗಿಯುವ ಗುರುತೇ ಇರುವುದಿಲ್ಲ. ಒಂದೇ ಹೊತ್ತಿಗೆ ನಾಲ್ಕು ಬಗೆಯ ತಿನಿಸು ಮನೆಯಲ್ಲಿರುವುದೂ ಬೇಡ: ನಾಲಿಗೆ ಒಂದು ರುಚಿಗೆ ಬೇಗ ತಣಿಯುತ್ತದೆ, ರುಚಿ ಬದಲಾದ ಕೂಡಲೇ ಮತ್ತೆ ಹೊಸದಾಗಿ ಬೇಡುತ್ತದೆ. ಊಟ ಸಾಕೆಂದವರು ಸಿಹಿಗೆ ಕೈ ನೀಡುವುದು ಈ ಕಾರಣದಿಂದಲೇ.

ಚಪಲ ಎದ್ದೇಬಿಟ್ಟರೆ

ಎಷ್ಟೇ ಸಿದ್ಧತೆ ಇದ್ದರೂ ಅದು ಬರುತ್ತದೆ. ಆಗ ಮೊದಲು ತಿಳಿದಿರಬೇಕಾದದ್ದು, ಅದು ಏರಿದಂತೆ ಇಳಿಯುತ್ತದೆ ಎಂಬುದು. ಚಟಗಳ ಚಿಕಿತ್ಸೆಯಲ್ಲಿ ಹೆಸರಾದ ಮನೋವಿಜ್ಞಾನಿ ಅಲನ್ ಮಾರ್ಲಟ್ ಇದನ್ನು ಅಲೆಗೆ ಹೋಲಿಸಿ, ಅಲೆಯೊಡನೆ ಗುದ್ದಾಡದೆ ಅದರ ಮೇಲೆ ತೇಲಿ ದಾಟುವುದನ್ನು ತನ್ನ ರೋಗಿಗಳಿಗೆ ಕಲಿಸುತ್ತಿದ್ದರು. ಕುಳಿತು, ಉಸಿರನ್ನು ಗಮನಿಸುತ್ತಾ, ಈ ಬೇಡಿಕೆ ದೇಹದಲ್ಲಿ ಎಲ್ಲಿದೆ, ನಾಲಿಗೆಯಲ್ಲೇ, ಗಂಟಲಲ್ಲೇ, ಎದೆಯಲ್ಲೇ, ಈಗ ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ನೋಡುತ್ತಾ ಹೋಗುವುದು ಅದರ ಕ್ರಮ. ಮಾಡಬಾರದ್ದು, ಅದನ್ನು ನೆನೆಯಲೇಬಾರದೆಂದು ಹಟ ಹಿಡಿಯುವುದು. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿ ಡೇನಿಯಲ್ ವೆಗ್ನರ್ 1987ರಲ್ಲಿ ನಡೆಸಿದ ಪ್ರಯೋಗದಲ್ಲಿ ಜನರಿಗೆ ಮತ್ತೆ ಮತ್ತೆ ನೆನಪಾದದ್ದು ಬಿಳಿ ಕರಡಿಯೇ. ಚಾಕೊಲೇಟಿನ ಹಣೆಬರಹವೂ ಅದೇ.

ಸುಮ್ಮನೆ ಕುಳಿತು ಗಮನಿಸುವುದು ಎಲ್ಲರ ಸ್ವಭಾವಕ್ಕೆ ಒಗ್ಗುವುದಿಲ್ಲ, ನನಗಂತೂ ಒಗ್ಗಲಿಲ್ಲ. ಅಂಥವರಿಗೆ ಎದ್ದು ನಡೆಯುವುದು ಉತ್ತಮ. ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ದಿನವೂ ಚಾಕೊಲೇಟ್ ತಿನ್ನುವ ಅಭ್ಯಾಸವಿದ್ದವರಲ್ಲಿ ಕೆಲವರನ್ನು 15 ನಿಮಿಷ ಚುರುಕಾಗಿ ನಡೆಸಿ, ಆಮೇಲೆ ಮೇಜಿನ ಕೆಲಸಕ್ಕೆ ಕೂರಿಸಿ ಪಕ್ಕದಲ್ಲಿ ಚಾಕೊಲೇಟ್ ಬಟ್ಟಲಿಟ್ಟರು. ನಡೆದು ಬಂದವರು ಸರಾಸರಿ 15 ಗ್ರಾಂ ತಿಂದರೆ, ನಡೆಯದೆ ವಿಶ್ರಾಂತಿ ಪಡೆದು ಕುಳಿತವರು 28 ಗ್ರಾಂ ತಿಂದರು. ಕಣ್ಣಿನ ಕೆಲಸವೂ ನೆರವಾಗುತ್ತದೆ, ಏಕೆಂದರೆ ಚಪಲ ಬಹುಪಾಲು ಒಂದು ಚಿತ್ರ. ಕರಗುತ್ತಿರುವ ಚಾಕೊಲೇಟಿನ, ಗರಿಗರಿ ಕರಿದದ್ದರ ಚಿತ್ರ. ಮನಸ್ಸಿನ ಆ ಪರದೆಯನ್ನು ಬೇರೆ ಚಿತ್ರ ಆಕ್ರಮಿಸಿದರೆ ಇದು ಮಸುಕಾಗುತ್ತದೆ. ಪ್ಲಿಮತ್ ವಿಶ್ವವಿದ್ಯಾಲಯದವರು 2014ರಲ್ಲಿ ತೋರಿಸಿದಂತೆ ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಎಂಬ ವಿಡಿಯೋ ಆಟವನ್ನು ಮೂರು ನಿಮಿಷ ಆಡುವುದರಿಂದಲೂ ಚಪಲದ ತೀವ್ರತೆ ಗಮನಾರ್ಹವಾಗಿ ತಗ್ಗಿತು. ಒಗಟಿನ ಚೌಕ ತುಂಬುವುದು, ಹೆಣಿಗೆ, ಚಿತ್ರ ಬಿಡಿಸುವುದು ಕೂಡ ಕಣ್ಣನ್ನೂ ಕೈಯನ್ನೂ ಹೀಗೆಯೇ ತೊಡಗಿಸುತ್ತವೆ. ಮೊಬೈಲಿನಲ್ಲಿ ಅಡುಗೆಯ ವಿಡಿಯೋ ನೋಡುತ್ತಾ ಚಪಲ ಮರೆಯುತ್ತೇನೆನ್ನುವುದು ಮಾತ್ರ ಉರಿಗೆ ತುಪ್ಪ.

ಏನು ಮಾಡಬೇಕೆಂದು ಆ ಗಳಿಗೆಯಲ್ಲಿ ಯೋಚಿಸಲು ಹೋಗಬೇಡಿ, ಮೊದಲೇ ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. "ಕುರುಕಲು ಕಡಿಮೆ ಮಾಡುತ್ತೇನೆ" ಎಂಬ ಸಂಕಲ್ಪಕ್ಕಿಂತ "ಸಂಜೆ ಕೆಲಸ ಮುಗಿಸಿ ಬಂದ ಕೂಡಲೇ ತಿನ್ನಬೇಕೆನಿಸಿದರೆ ಚೀಲವಿಟ್ಟು ಹಾಗೆಯೇ ಕಾಲುಗಂಟೆ ನಡೆದು ಬರುತ್ತೇನೆ" ಎಂಬ ಖಚಿತ ವಾಕ್ಯ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಸರ್ ಮೊದಲಾದವರ ಸಂಶೋಧನೆಯಿಂದ ಚೆನ್ನಾಗಿ ಗೊತ್ತಾಗಿದೆ. ನಿಮ್ಮ ಪುಸ್ತಕದಲ್ಲಿ ಎದ್ದು ಕಂಡ ಹೊತ್ತಿಗೆ ಮಾತ್ರ ಇಂಥ ಒಂದು ವಾಕ್ಯ ಸಾಕು. ಕಾಲುಗಂಟೆಯ ನಂತರವೂ ಅದೇ ಬೇಕೆನಿಸುತ್ತಿದ್ದರೆ ಒಂದು ತಟ್ಟೆಗೆ ಸ್ವಲ್ಪ ಹಾಕಿಕೊಂಡು, ಕುಳಿತು, ಬೇರೇನನ್ನೂ ನೋಡದೆ ತಿನ್ನಿ. ಕದ್ದು ತಿಂದದ್ದು ತೃಪ್ತಿ ಕೊಡುವುದಿಲ್ಲ, ಕದ್ದದ್ದು ನಮ್ಮಿಂದಲೇ ಆದರೂ.

ಬೇಸರ, ಒಂಟಿತನ, ಕೆಲಸದ ಒತ್ತಡಗಳಿಂದ ತಿನ್ನುವವರಿಗೆ ಊಟದ ಉಪಾಯಗಳು ಅರ್ಧದಷ್ಟೇ ಫಲ ಕೊಡುತ್ತವೆ. ಪುಸ್ತಕದ ಮೂರನೆಯ ಅಂಕಣದಲ್ಲಿ "ಬಾಸ್ ಜೊತೆ ಮಾತಾದ ಮೇಲೆ", "ಮನೆಯಲ್ಲಿ ಯಾರೂ ಇಲ್ಲದಾಗ" ಎಂಬಂಥ ಮಾತುಗಳೇ ತುಂಬಿದ್ದರೆ ಆ ಗಳಿಗೆಗೆ ತಿನಿಸಲ್ಲದ ಒಂದು ಸಾಂತ್ವನ ಬೇಕು: ಸ್ನೇಹಿತರಿಗೊಂದು ಫೋನ್ ಕರೆ, ಬಿಸಿನೀರಿನ ಸ್ನಾನ, ಹತ್ತು ನಿಮಿಷ ಬಾಗಿಲು ಹಾಕಿಕೊಂಡು ಮಲಗುವುದು. ಬಾಯಿಗಿಂತ ಕೈಗೆ ಕೆಲಸ ಬೇಕಾಗಿರುವುದೂ ಎಷ್ಟೋ ಸಲ ನಿಜ.

ನೀರು, ಕಾಫಿ ಮತ್ತು "ನೈಸರ್ಗಿಕ" ಮಾತ್ರೆಗಳು

ಊಟಕ್ಕೆ ಅರ್ಧ ಗಂಟೆ ಮೊದಲು ಅರ್ಧ ಲೀಟರ್ ನೀರು ಕುಡಿಯುವುದು, ಮುಖ್ಯವಾಗಿ ನಡುವಯಸ್ಸು ದಾಟಿದವರಲ್ಲಿ, ತಿನ್ನುವ ಪ್ರಮಾಣವನ್ನು ತುಸು ಇಳಿಸುತ್ತದೆ. ಕಾಫಿ, ಚಹಾ ಸ್ವಲ್ಪ ಹೊತ್ತು ಹಸಿವನ್ನು ಮರೆಸಬಹುದು, ಆದರೆ ಮಧ್ಯಾಹ್ನದ ನಂತರ ಕುಡಿದರೆ ನಿದ್ದೆಗೆ ಕೈಹಾಕುತ್ತವೆ, ನಿದ್ದೆ ಕೆಟ್ಟರೆ ಮರುದಿನ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ. ಮದ್ಯ ಹಸಿವನ್ನು ಕೆರಳಿಸುತ್ತದೆ, ಹಿಡಿತವನ್ನೂ ಸಡಿಲಿಸುತ್ತದೆ.

ಹಸಿವು ಕಟ್ಟುವ ಗಿಡಮೂಲಿಕೆಯೆಂದು ಮಾರುವ ಮಾತ್ರೆ-ಪುಡಿಗಳ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ: ಬೇಡ. ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯದಿಂದಾಗಿ 2010ರಲ್ಲಿ ಯುರೋಪು ಮತ್ತು ಅಮೆರಿಕದ ಮಾರುಕಟ್ಟೆಯಿಂದ ಹಿಂದೆಗೆದ ಸಿಬುಟ್ರಮಿನ್ ಎಂಬ ಔಷಧವು "ಸಂಪೂರ್ಣ ನೈಸರ್ಗಿಕ" ಎಂಬ ಚೀಟಿಯ ಹಿಂದೆ ಅಡಗಿರುವುದನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹಲವು ಬಾರಿ ಪತ್ತೆಹಚ್ಚಿದೆ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಹಸಿವು ಇದ್ದಕ್ಕಿದ್ದಂತೆ ಹೆಚ್ಚಾಗಿ, ಬಾಯಾರಿಕೆ ಮತ್ತು ಮೂತ್ರ ವಿಸರ್ಜನೆಯೂ ಹೆಚ್ಚಿ, ತಿಂದರೂ ತೂಕ ಇಳಿಯುತ್ತಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ತಡವಿಲ್ಲದೆ ಆಗಬೇಕು. ಎದೆಬಡಿತ, ಬೆವರು, ಕೈನಡುಕಗಳ ಜೊತೆಗಿನ ಹಸಿವು ಥೈರಾಯ್ಡಿನದಿರಬಹುದು. ಸ್ಟೀರಾಯ್ಡುಗಳು ಮತ್ತು ಕೆಲವು ಮಾನಸಿಕ ಕಾಯಿಲೆಯ ಔಷಧಿಗಳು ಹಸಿವನ್ನು ಹೆಚ್ಚಿಸುತ್ತವೆ. ಅವನ್ನು ತಾವಾಗಿ ನಿಲ್ಲಿಸದೆ ಬರೆದುಕೊಟ್ಟವರನ್ನು ಕೇಳಬೇಕು. ಇನ್ಸುಲಿನ್ ಅಥವಾ ರಕ್ತದ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ನಡುವಿನ ಆಹಾರವನ್ನು ವೈದ್ಯರ ಸಲಹೆಯಿಲ್ಲದೆ ಬಿಡಬಾರದು. ಬೆಳೆಯುವ ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಪದೇ ಪದೇ ಹಸಿಯುವುದು ಸಹಜ. ಮುಟ್ಟಿನ ಹಿಂದಿನ ದಿನಗಳಲ್ಲಿ ಹಸಿವು ಹೆಚ್ಚುವುದೂ ಸಹಜವೇ. ಆ ದಿನಗಳ ಊಟವನ್ನು ಸ್ವಲ್ಪ ಹಿಗ್ಗಿಸಿಕೊಳ್ಳುವುದು ಜಾಣತನ. ಕಡಿಮೆ ಹೊತ್ತಿನಲ್ಲಿ ಅಪಾರವಾಗಿ ತಿಂದು, ನಿಲ್ಲಿಸಲಾಗದೆ, ಆಮೇಲೆ ಪರಿತಪಿಸುವುದು, ವಾಂತಿ ಮಾಡಿಕೊಳ್ಳುವುದು ಅಥವಾ ಉಪವಾಸ ಬೀಳುವುದು ಮರುಕಳಿಸುತ್ತಿದ್ದರೆ ಅದು ಚಪಲವಲ್ಲ, ಚಿಕಿತ್ಸೆಯಿರುವ ಕಾಯಿಲೆ. ಅಂಥವರು ಮೇಲೆ ಹೇಳಿದ ಪುಸ್ತಕ ಬರೆಯುವುದನ್ನೂ ಒಬ್ಬರೇ ಶುರುಮಾಡದೆ ಮನೋವೈದ್ಯರ ಜೊತೆ ಮಾತಾಡಬೇಕು.

ಎಷ್ಟು ದಿನ ಬೇಕು

ಎರಡನೆಯ ವಾರದಿಂದ ಒಂದೇ ಒಂದು ಬದಲಾವಣೆಯಿಂದ ಶುರುಮಾಡಿ, ಅದು ನಿಮ್ಮ ಪುಟಗಳು ತೋರಿಸಿದ ಹೊತ್ತಿನದಾಗಿರಲಿ. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಬೇರೂರುತ್ತದೆಂಬ ಮಾತಿಗೆ ಆಧಾರ ಸಾಲದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿದಾಗ ಹೊಸ ನಡವಳಿಕೆಯೊಂದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿದಿತ್ತು, ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೂ ಬೇರೆಯಾಗುತ್ತಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆಯೇನೂ ಕಾಣಲಿಲ್ಲ.

ತಪ್ಪಿದ ದಿನ ಮಾಡಬೇಕಾದದ್ದು ಇಷ್ಟೇ. ತಿಂದದ್ದಕ್ಕೆ ಪ್ರಾಯಶ್ಚಿತ್ತವಾಗಿ ಮುಂದಿನ ಊಟ ಬಿಡಬೇಡಿ, ಅದು ಇನ್ನೊಂದು ಸಂಜೆಯ ಚಪಲಕ್ಕೆ ಬೀಜ ಬಿತ್ತಿದಂತೆ. ಗಂಟೆ ಎಷ್ಟಾಗಿತ್ತೆಂದು ಪುಸ್ತಕದಲ್ಲಿ ಗುರುತು ಹಾಕಿ, ಹಿಂದಿನ ಊಟ ಯಾವಾಗ ಆಗಿತ್ತೆಂದು ಪಕ್ಕದಲ್ಲಿ ಬರೆದು, ಮುಂದಿನ ಊಟವನ್ನು ಅದರ ಹೊತ್ತಿಗೇ, ಪೂರ್ತಿಯಾಗಿ ಮಾಡಿ.